ಪ್ಲಾಚಿಮಡದ ಮಯಿಲಮ್ಮ

ಬೇಳೆ ಬೇಯದಿದ್ದರೆ ನಾವು ಮೊದಲು ಬೈಯುವುದು ಅಂಗಡಿಯವನನ್ನು. ಕೇರಳದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡದ ಹೆಂಗಸರು ಬಾವಿಯ ಕಡೆ ನೋಡಿದರು. 2000ದಲ್ಲಿ ಅಲ್ಲಿ ಕೋಕಾ ಕೋಲಾ ಕಾರ್ಖಾನೆ ಕೊಳವೆ ಬಾವಿಗಳಿಂದ ನೀರೆತ್ತತೊಡಗಿತ್ತು. ಎರಡು ವರ್ಷದೊಳಗೆ ನೀರು ಬಾಯಿಗಿಡಲಾಗದಂತಾಯಿತೆಂದು ಊರವರು ದೂರಿದರು. ಕಾರ್ಖಾನೆ ಗೊಬ್ಬರವೆಂದು ರೈತರಿಗೆ ಕೊಡುತ್ತಿದ್ದ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಇರುವುದು 2003ರಲ್ಲಿ ಬಯಲಾಯಿತು. ವಿಷವನ್ನು ಗೊಬ್ಬರವೆಂದು ಹಂಚುವ ಧೈರ್ಯ ನೋಡಿ!

2002ರ ಏಪ್ರಿಲ್ 22ರಂದು ಆರಂಭವಾದ ಧರಣಿಯ ಮುಂಚೂಣಿಯಲ್ಲಿದ್ದವರು ಆದಿವಾಸಿ ಮಹಿಳೆ ಮಯಿಲಮ್ಮ. ಅಡುಗೆಮನೆಯ ತಕರಾರನ್ನು ಯಾರು ಕೇಳುತ್ತಾರೆ ಎನ್ನುತ್ತೇವಲ್ಲ, ಪೆರುಮಾಟ್ಟಿ ಪಂಚಾಯಿತಿ ಕೇಳಿತು. 2003ರಲ್ಲಿ ಪರವಾನಗಿ ನವೀಕರಿಸಲಿಲ್ಲ. 2004ರ ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು. ಮಯಿಲಮ್ಮ 2007ರಲ್ಲಿ ತೀರಿಕೊಂಡರು. ಊರವರ ಪರಿಹಾರಕ್ಕೆಂದು ಕೇರಳ ವಿಧಾನಸಭೆ 2011ರಲ್ಲಿ ಅಂಗೀಕರಿಸಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ.