ಹೆಂಚಿನ ಮೇಲಿನ ಹೆಸರು, ನಿಘಂಟಿನ ಮೇಲಿನ ಹೆಸರು

ದಕ್ಷಿಣ ಕನ್ನಡದಲ್ಲಿ ಹಳೆಯ ಮನೆಯೊಂದರ ಮಾಡು ಬಿಚ್ಚುವಾಗ ಕೆಳಗಿಳಿಸಿದ ಹೆಂಚನ್ನು ಕೈಗೆತ್ತಿಕೊಂಡು ನೋಡಿದವರಿಗೆ ಅದರ ಮೈಯಲ್ಲಿ ಇಂಗ್ಲಿಷ್ ಅಕ್ಷರಗಳ ಅಚ್ಚು ಕಂಡೀತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಗರು. ಅವರ ಹೆಸರು ಹೆಂಚಿನ ಮೇಲಿಲ್ಲ. ಅದೇ ಮಿಷನ್ನಿನವರು 1894ರಲ್ಲಿ ಮಂಗಳೂರಿನಿಂದಲೇ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟಿನ ಮುಖಪುಟದಲ್ಲಾದರೋ ರೆವರೆಂಡ್ ಎಫ್. ಕಿಟ್ಟೆಲ್ ಎಂಬ ಹೆಸರು ಸ್ಪಷ್ಟವಾಗಿ ಅಚ್ಚಾಗಿದೆ. ಒಂದೇ ಸಂಸ್ಥೆಯ ಇಬ್ಬರು ದುಡಿಮೆಗಾರರು. ಒಬ್ಬರ ಹೆಸರನ್ನು ಇಂದು ಬಲ್ಲವರು ಕೆಲವೇ ಮಂದಿ, ಇನ್ನೊಬ್ಬರಿಗೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯೇ ಇದೆ. ತಾನು ಮಾಡಿದ ಕೆಲಸದ ಮೇಲೆ ತನ್ನ ಹೆಸರನ್ನು ಕ್ರೈಸ್ತ ಭಕ್ತನೊಬ್ಬನು ಹಾಕಿಕೊಳ್ಳಬಹುದೆ, ಬಾರದೆ? ಪ್ರಶ್ನೆ ಸಣ್ಣದಾಗಿ ಕಂಡರೂ ಆ ಜನಕ್ಕೆ ಅದು ಸಣ್ಣದಾಗಿರಲಿಲ್ಲ.

ತೊಡಕು ಅವರ ಶಾಸ್ತ್ರಗ್ರಂಥದಲ್ಲಿಯೇ ಇದೆ. ಮತ್ತಾಯನ ಸುವಾರ್ತೆಯಲ್ಲಿ ಬರುವ ಪರ್ವತ ಪ್ರಸಂಗವನ್ನು ಓದಿದವರು ಬಲ್ಲರು. ಐದನೆಯ ಅಧ್ಯಾಯದಲ್ಲಿ ನಿಮ್ಮ ಒಳ್ಳೆಯ ಕೆಲಸದ ಬೆಳಕು ಜನರ ಕಣ್ಣಿಗೆ ಬೀಳಲಿ ಎಂಬ ಬೋಧೆಯಿದೆ. ಪುಟ ತಿರುಗಿಸಿದರೆ, ಆರನೆಯ ಅಧ್ಯಾಯದಲ್ಲಿ, ಜನ ನೋಡಲೆಂದು ಧರ್ಮಕಾರ್ಯ ಮಾಡಬೇಡಿ ಎಂಬ ಎಚ್ಚರಿಕೆಯಿದೆ. ಎರಡೂ ಒಬ್ಬನೇ ಗುರುವಿನ ಮಾತು, ಒಂದೇ ಉಪದೇಶದ ಮಾತು. ಜನ ಕಂಡು ದೇವರನ್ನು ಕೊಂಡಾಡಲಿ, ಮಾಡಿದವನನ್ನಲ್ಲ ಎಂದು ವ್ಯಾಖ್ಯಾನಕಾರರು ಇವೆರಡನ್ನೂ ಹೊಂದಿಸುತ್ತಾರೆ. ಪೀಠದ ಮೇಲೆ ನಿಂತು ಹೇಳುವುದಕ್ಕೆ ಈ ಸಮನ್ವಯ ಚೆನ್ನಾಗಿಯೇ ಇದೆ. ಕಾರ್ಖಾನೆಯಲ್ಲಿ ಕುಳಿತು ಹೆಂಚು ಮಾರಬೇಕಾದವನಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಮಿಷನ್ನಿಗೆ ಜನಬಲ ಬಂದುದು ಬಹುಮಟ್ಟಿಗೆ ನೆರೆಯ ವುರ್ಟೆಂಬರ್ಗಿನ ಭಕ್ತಿಪಂಥೀಯ ಮನೆಗಳಿಂದ. ರೈತರ, ಕುಶಲಕರ್ಮಿಗಳ ಮಕ್ಕಳು ಅಲ್ಲಿನ ಶಾಲೆಯಲ್ಲಿ ತರಬೇತಿ ಪಡೆದು ಹೊರಡುತ್ತಿದ್ದರು. ಕೈಗೆ ಸಿಗುತ್ತಿದ್ದುದು ಜೀವನೋಪಾಯಕ್ಕೆ ತಕ್ಕ ಭತ್ಯ. ಮದುವೆಗೂ ಬಾಸೆಲಿನ ಒಪ್ಪಿಗೆ ಬೇಕು. 1850ರಿಂದ 1879ರವರೆಗೆ ಮೇಲ್ವಿಚಾರಕರಾಗಿದ್ದ ಯೋಸೆನ್‌ಹಾನ್ಸರ ಶಿಸ್ತು ಕಠಿಣವೆಂದು ಹೆಸರಾದುದು. ಅಹಂಕಾರವನ್ನು ಮುರಿಯುವುದೇ ಆ ಶಿಕ್ಷಣದ ಒಂದು ಗುರಿ. ಆದರೆ ಅದೇ ಬಾಸೆಲ್ಲಿಗೆ ಪ್ರತಿಯೊಬ್ಬ ಪಾದ್ರಿಯೂ ತನ್ನ ಕೆಲಸದ ವರದಿಯನ್ನು ತಪ್ಪದೆ ಬರೆದು ಕಳುಹಿಸಬೇಕು. ಆ ವರದಿಗಳಿಂದ ಆರಿಸಿದ ಭಾಗಗಳು ಮಿಷನ್ನಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು; ಅದನ್ನೋದಿದ ಬಡ ಮನೆಗಳಿಂದ ಕಾಸು ಕಾಸಾಗಿ ವಂತಿಗೆ ಬರುತ್ತಿತ್ತು. ಏನನ್ನೂ ಸಾಧಿಸಿಲ್ಲವೆಂದು ಬರೆದರೆ ವಂತಿಗೆ ನಿಂತೀತು. ಬಹಳ ಸಾಧಿಸಿದೆನೆಂದು ಬರೆದರೆ ಆತ್ಮಕ್ಕೆ ಅಪಾಯ! ಈಗ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ವರ್ಷಕ್ಕೊಮ್ಮೆ ನಮ್ಮ ಸಾಧನೆಯನ್ನು ನಾವೇ ಬರೆದು ಒಪ್ಪಿಸುವ ಪದ್ಧತಿಯುಂಟಷ್ಟೆ. ಆ ನಮೂನೆಯ ಮುಂದೆ ಲೇಖನಿ ಹಿಡಿದು ತಡವರಿಸಿದವರಿಗೆ ಆ ಪಾದ್ರಿಗಳ ಸಂಕಟ ಅರ್ಥವಾಗದೆ ಇರದು.

ಮಿಷನ್ ಕಂಡುಕೊಂಡ ದಾರಿ, ವ್ಯಕ್ತಿಯನ್ನು ಮರೆಮಾಡಿ ಸಂಸ್ಥೆಯನ್ನು ಮುಂದಿಡುವುದು. ಹೆಂಚಿನ ಮುದ್ರೆ ಅದರ ಫಲ. ಪೇಟೆಯಲ್ಲಿ ಸರಕು ನಿಲ್ಲಬೇಕಾದರೆ ಒಂದು ಹೆಸರು ಬೇಕು. ಅದು ಪ್ಲೆಬ್ಸ್ಟರದಾಗದೆ ಮಿಷನ್ನಿನದಾಯಿತು. ಇದು ವಿನಯವೆಂದು ಒಪ್ಪೋಣ. ಆದರೆ ನನಗೆ ಪೂರ್ತಿ ಸಮಾಧಾನವಿಲ್ಲ. ‘ನಾನು’ ಎಂಬ ಗರ್ವವನ್ನು ಬಿಟ್ಟವನು ‘ನಮ್ಮ ಸಂಸ್ಥೆ’ ಎಂದು ಬೀಗುವುದನ್ನು ಯಾರು ಕಂಡಿಲ್ಲ? ಮಣ್ಣು ತುಳಿದು, ಅಚ್ಚು ಒತ್ತಿ, ಗೂಡಿನ ಬೆಂಕಿ ಕಾಯ್ದ ಕೂಲಿಗಳ ಹೆಸರಂತೂ ಯಾವ ಮುದ್ರೆಗೂ ಬರಲಿಲ್ಲ.

ಕಿಟ್ಟೆಲರ ದಾರಿ ಬೇರೆ. 1832ರಲ್ಲಿ ಜರ್ಮನಿಯ ಉತ್ತರ ತೀರದ ಪಾದ್ರಿಯ ಮನೆಯಲ್ಲಿ ಹುಟ್ಟಿದ ಅವರು 1853ರಲ್ಲಿ ಇಲ್ಲಿಗೆ ಬಂದರು. ನಮ್ಮವರೊಡನೆ ನಮ್ಮವರಂತೆ ಬಾಳಬೇಕೆಂಬ ಹಂಬಲ ಅವರದು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. 1872ರಲ್ಲಿ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಬಂದವು. ಮಿಷನ್ನಿನ ದೃಷ್ಟಿಯಲ್ಲಿ ಧರ್ಮಪ್ರಚಾರವೇ ಮೊದಲು, ವಿದ್ವತ್ತು ಅದರ ಸೇವಕಿ. ಹಳಗನ್ನಡದ ಓಲೆಗಳ ನಡುವೆ ವರ್ಷಗಟ್ಟಲೆ ಕುಳಿತ ಪಾದ್ರಿ, ಭಕ್ತರ ಕಣ್ಣಿಗೆ, ಕೀರ್ತಿಯ ಬೆನ್ನು ಹತ್ತಿದವನಂತೆ ಕಾಣುವ ಸಂಭವವಿತ್ತು. ತನ್ನ ಕೆಲಸ ಬೆಲೆಯುಳ್ಳದ್ದೆಂದು ಹೇಳದೆ ಇದ್ದರೆ ಅದು ನಿಂತೇಹೋಗುತ್ತದೆ, ಹೇಳಿದರೆ ಬಡಿವಾರವೆನ್ನುತ್ತಾರೆ.

ಅವರು ಸಂಪಾದಿಸಿದ ಕನ್ನಡ ಗ್ರಂಥಕರ್ತರಿಗೆ ಈ ಅಂಜಿಕೆಯಿರಲಿಲ್ಲವೆಂಬುದು ವಿನೋದದ ಸಂಗತಿ. ಕೇಶಿರಾಜನು ತಾನು ಕವಿ ಸುಮನೋಬಾಣನ ಮೊಮ್ಮಗ, ಜನ್ನನ ಸೋದರಳಿಯ, ಮಲ್ಲಿಕಾರ್ಜುನನ ಮಗ ಎಂದು ವ್ಯಾಕರಣದಲ್ಲಿಯೇ ಹೇಳಿಕೊಳ್ಳುತ್ತಾನೆ. ರನ್ನನ ಆತ್ಮಪ್ರಶಂಸೆಯಂತೂ ಪ್ರಸಿದ್ಧ. ಇನ್ನೊಂದು ಕಡೆ ವಚನಕಾರರು ತಮ್ಮ ಹೆಸರಿದ್ದ ಜಾಗದಲ್ಲಿ ಇಷ್ಟದೈವದ ಅಂಕಿತವನ್ನಿಟ್ಟರು. ಆ ಅಂಕಿತದಿಂದಲೇ ನಾವು ಇವನು ಯಾರೆಂದು ಗುರುತಿಸುತ್ತೇವೆ.

ನಿಘಂಟನ್ನು ಮುಗಿಸಲೆಂದೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದ ಕಿಟ್ಟೆಲರು 1892ರಲ್ಲಿ ತಾಯ್ನಾಡಿಗೆ ಮರಳಿದರು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಮುಖಪುಟದಲ್ಲಿ ಹೆಸರಿನ ಮುಂದಿರುವುದು ಮಿಷನ್ನಿನ ನಾಲ್ಕು ಮೊದಲಕ್ಷರಗಳು ಮಾತ್ರ. ಅವರ ವಿನಯ ಕಾಣುವುದು ಅಲ್ಲಿಯೂ ಅಲ್ಲ, ಒಳಗೆ. ಯಾವ ಪದವನ್ನು ತೆಗೆದರೂ ಅದು ಯಾವ ಕೃತಿಯಿಂದ ಬಂತು, ಯಾವ ಸೀಮೆಯ ಆಡುಮಾತು, ಯಾವ ಗಾದೆಯಲ್ಲಿದೆ ಎಂದು ಸಂಕೇತಾಕ್ಷರಗಳಲ್ಲಿ ಗುರುತು ಹಾಕುತ್ತ ಹೋಗಿದ್ದಾರೆ. ಹಿಂದಿನ ಕೋಶಕಾರರನ್ನೂ ನೆರವಾದ ಪಂಡಿತರನ್ನೂ ಮುನ್ನುಡಿಯಲ್ಲಿ ನೆನೆದಿದ್ದಾರೆ. ನಾನು ಅಲ್ಪಜ್ಞ, ನಾನು ಪಾಮರ ಎಂಬ ದೈನ್ಯದ ಮಾತಿಗಿಂತ ಈ ಸಾಲ ತೀರಿಸುವ ಕ್ರಮ ನನಗೆ ಮೆಚ್ಚುಗೆ. ಇಂಥವನಿಗೆ ಮುಖಪುಟದಲ್ಲಿ ಹೆಸರು ಹಾಕಿಕೊಳ್ಳಲು ಸಂಕೋಚವೇಕೆ? ತಪ್ಪಿದ್ದರೆ ಹೊಣೆ ಯಾರದೆಂದು ತಿಳಿಯುವುದಕ್ಕಾದರೂ ಅದು ಬೇಕು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಈಗ ಪದದ ಅರ್ಥದಲ್ಲಿ ಸಂಶಯ ಬಂದರೆ ನಿಘಂಟು ನೋಡು ಎನ್ನುವುದಿಲ್ಲ, ‘ಕಿಟ್ಟೆಲ್ ನೋಡು’ ಎನ್ನುತ್ತೇವೆ. ತರಗತಿಯ ಹುಡುಗರು ಪುಸ್ತಕವನ್ನು ಹೊತ್ತು ತಂದು ಬೇಕಾದ ಪದವಿರುವ ಪುಟವನ್ನೇ ನೇರವಾಗಿ ತೆರೆಯುತ್ತಾರೆ. ಪಂಡಿತರನ್ನು ನೆನೆದ ಮುನ್ನುಡಿಯ ಹಾಳೆಗಳು ಹೊಸದಾಗಿಯೇ ಉಳಿದಿವೆ.