ನೀರಿನ ಒಂದು ಅಂಕಿ, ಇಪ್ಪತ್ತು ವರ್ಷದ ಕೆಲಸ

ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರು ಕಂಪ್ಯೂಟರಿನಲ್ಲಿ ನೀರು ಹರಿಸುವಾಗ ವಿಸ್ಕಾಸಿಟಿ ಎಂದಿರುವ ಕಡೆ 0.001 ಎಂದು ತುಂಬಿ ಮುಂದೆ ಹೋಗುತ್ತೀರಿ. ಕನ್ನಡದಲ್ಲಿ ಇದು ಸ್ನಿಗ್ಧತೆ, ಅಂದರೆ ಹರಿಯುವಾಗ ದ್ರವ ಒಡ್ಡುವ ತಡೆ. ಆ ಅಂಕಿಯನ್ನು ಅಳೆದವರು ನಿಮ್ಮ ನೆರೆಯವರೇ.

ಗೈದರ್ಸ್‌ಬರ್ಗ್‌ನಲ್ಲಿ ಐ-270 ರಸ್ತೆಯ ಪಕ್ಕ ಕಾಣುವ ನಿಸ್ಟ್ ಸಂಸ್ಥೆಗೆ ಹಿಂದೆ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂದು ಹೆಸರು. ಅದಿನ್ನೂ ವಾಷಿಂಗ್ಟನ್ ನಗರದಲ್ಲಿದ್ದಾಗ, 1931ರಲ್ಲಿ, ನೀರಿನ ಸ್ನಿಗ್ಧತೆಯನ್ನು ಹೊಸದಾಗಿ ಅಳೆಯಲು ಹೊರಟರು. ಸಪೂರ ಕೊಳವೆಯಲ್ಲಿ ಗೊತ್ತಾದ ವೇಗದಲ್ಲಿ ನೀರು ನೂಕಿ, ಒತ್ತಡ ಎಷ್ಟು ಇಳಿಯಿತೆಂದು ನೋಡುವುದು. ಕೊಳವೆಯ ತುದಿಗಳಲ್ಲಿ ನೀರು ತಿರುಗಿ ಲೆಕ್ಕ ಕೆಡಿಸುತ್ತದಲ್ಲ? ಅದಕ್ಕೆ ಒಂದೇ ಅಗಲದ, ಬೇರೆ ಉದ್ದದ ಎರಡು ಕೊಳವೆ ಹಿಡಿದು ವ್ಯತ್ಯಾಸ ತೆಗೆದರು. ಎಂಥ ಸರಳ ಉಪಾಯ! ಸ್ವಿಂಡೆಲ್ಸ್, ಕೋ, ಗಾಡ್‌ಫ್ರೇ ಫಲಿತಾಂಶ ಪ್ರಕಟಿಸಿದ್ದು 1952ರಲ್ಲಿ. ಅದುವರೆಗೆ ಎಲ್ಲರೂ ನಂಬಿದ್ದ 1.005 ಸೆಂಟಿಪಾಯ್ಸ್ 1.002ಕ್ಕೆ ಇಳಿಯಿತು. ಅಳತೆಯ ಉಪಕರಣಗಳನ್ನು ನೀರಿನಿಂದಲೇ ಸರಿಹೊಂದಿಸುತ್ತಿದ್ದರಿಂದ ಎಣ್ಣೆ, ಬಣ್ಣಗಳ ಅಂಕಿಗಳೂ ಅದರ ಜೊತೆ ಕದಲಿದವು.

ಆದರೆ ಅದು 20 ಡಿಗ್ರಿ ಸೆಲ್ಸಿಯಸ್‌ನ ಅಂಕಿ. ಬೇಸಿಗೆಯ ಕಾವೇರಿಯಂತೆ 30 ಡಿಗ್ರಿ ಇದ್ದರೆ ಸುಮಾರು 0.8, ಹೆಪ್ಪುಗಟ್ಟುವ ಅಂಚಿನಲ್ಲಿರುವ ಜನವರಿಯ ಪೊಟೋಮ್ಯಾಕ್‌ನಲ್ಲಿ ಸುಮಾರು 1.8. ಹಾಗಾಗಿ ಮೊದಲು ಉಷ್ಣಾಂಶ ಕೇಳಿ, ಆಮೇಲೆ ಮಾನ ನೋಡಿ. ಪ್ಯಾಸ್ಕಲ್-ಸೆಕೆಂಡ್ ಕೇಳುವ ಕಡೆ 1.002 ಎಂದು ಬರೆದರೆ ನಿಮ್ಮ ಪರದೆಯ ಮೇಲೆ ಹರಿಯುವುದು ನೀರಲ್ಲ, ಹೆಚ್ಚುಕಮ್ಮಿ ಹರಳೆಣ್ಣೆ.