ಪಲ್ಸ್‌ನ ಶಕ್ತಿಯೊಂದೇ ಸಾಲದು: ವಾತಾವರಣ ರೇಡಾರ್‌ನ ಪತ್ತೆದೂರದ ಬಗ್ಗೆ ಒಂದು ಮರುವಿಚಾರ

ಗರಿಷ್ಠ ಸಾಮರ್ಥ್ಯ ಹದಿನಾರು ಪಟ್ಟಾದರೆ ವಿಮಾನವನ್ನು ಗುರುತಿಸುವ ದೂರ ಇಮ್ಮಡಿಯಾಗುತ್ತದೆ. ರೇಡಾರ್ ಪಠ್ಯಗಳ ಈ ಮೊದಲ ಪಾಠದಲ್ಲಿ ಪಲ್ಸ್‌ನ ಉದ್ದ ಕಾಣಿಸುವುದೇ ಇಲ್ಲ. ಅದು ಅಡಗಿರುವುದು 'ಗುರುತಿಸಬಹುದಾದ ಕನಿಷ್ಠ ಸಂಕೇತ'ದೊಳಗೆ: ಪಲ್ಸ್ ಉದ್ದವಾದಷ್ಟೂ ಗ್ರಾಹಕದ ಬ್ಯಾಂಡ್‌ವಿಡ್ತ್ ಕಿರಿದಾಗಬಹುದು, ಗದ್ದಲವೂ ತಗ್ಗುತ್ತದೆ. 1943ರಲ್ಲಿ ಡಿ. ಒ. ನಾರ್ತ್ ಮ್ಯಾಚ್ಡ್ ಫಿಲ್ಟರ್ ವಿಶ್ಲೇಷಣೆಯಿಂದ ಇದನ್ನು ಸ್ಥಾಪಿಸಿದರು. ಪಲ್ಸ್‌ನ ಆಕಾರ ಏನೇ ಇರಲಿ, ಒಟ್ಟು ಶಕ್ತಿಯೇ ಪತ್ತೆಯನ್ನು ನಿರ್ಧರಿಸುತ್ತದೆ ಎಂಬುದು ಅಂದಿನಿಂದ ಸರ್ವಸಮ್ಮತ.

ನನ್ನ ತಕರಾರು ಈ ಸೂತ್ರವನ್ನು ವಾತಾವರಣಕ್ಕೂ ಹಾಗೆಯೇ ಅನ್ವಯಿಸುವುದರ ಬಗ್ಗೆ. ತಿರುಪತಿ ಬಳಿಯ ಗಾದಂಕಿಯ ಎಂಎಸ್‌ಟಿ ರೇಡಾರ್ ತನ್ನ ಮೂಲ ರೂಪದಲ್ಲಿ 53 ಮೆಗಾಹರ್ಟ್ಸ್‌ನಲ್ಲಿ, 2.5 ಮೆಗಾವ್ಯಾಟ್ ಗರಿಷ್ಠ ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತಿತ್ತು. ಅದರ 16 ಮೈಕ್ರೊಸೆಕೆಂಡ್ ಪಲ್ಸನ್ನು 1 ಮೈಕ್ರೊಸೆಕೆಂಡಿನ ಹದಿನಾರು ತುಂಡುಗಳಾಗಿ ಕೋಡ್ ಮಾಡಿದರೆ 150 ಮೀಟರ್ ರೆಸಲ್ಯೂಶನ್ ಸಿಗುತ್ತಿತ್ತು. ಅದೇ ಶಕ್ತಿಯನ್ನು 1 ಮೈಕ್ರೊಸೆಕೆಂಡಿನ ಒಂಟಿ ಪಲ್ಸ್‌ನಲ್ಲಿ ತುಂಬಲು 40 ಮೆಗಾವ್ಯಾಟ್ ಬೇಕಾಗುತ್ತಿತ್ತು. ಇಷ್ಟರಮಟ್ಟಿಗೆ ನಾರ್ತ್‌ರ ನಿಯಮ ಗೆದ್ದಿದೆ.

ಈಗ ಕೋಡ್ ತೆಗೆದು ಅದೇ 16 ಮೈಕ್ರೊಸೆಕೆಂಡ್ ಪಲ್ಸ್ ಕಳುಹಿಸೋಣ. ಶಕ್ತಿ ಅಷ್ಟೇ. ಆದರೆ ಒಂದು ಕ್ಷಣಕ್ಕೆ ಪ್ರತಿಧ್ವನಿ ಕೊಡುವ ಗಾಳಿಯ ದಪ್ಪ 150 ಮೀಟರ್‌ನಿಂದ 2.4 ಕಿಲೋಮೀಟರಿಗೆ ಏರುತ್ತದೆ. ಆ ಗಾಳಿಯೆಲ್ಲ ಸಮನಾಗಿ ಚದುರಿಸುವುದಾದರೆ ಸಂಕೇತ-ಗದ್ದಲ ಅನುಪಾತ ಕೋಡ್ ಮಾಡಿದ ಪಲ್ಸ್‌ಗಿಂತ ಹದಿನಾರು ಪಟ್ಟು, ಅಂದರೆ 12 ಡೆಸಿಬೆಲ್ ಮೇಲಿರುತ್ತದೆ. ಕಿರಣವನ್ನೇ ತುಂಬಿದ ಗಾಳಿಯ ಪ್ರತಿಧ್ವನಿ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಲೆಕ್ಕದ ಮಟ್ಟಿಗೆ ಇದು ನಾಲ್ಕು ಪಟ್ಟು ದೂರ. ಒಂದೇ ಶಕ್ತಿಗೆ ಎರಡು ಪತ್ತೆದೂರಗಳು!

ಈ ತೀರ್ಮಾನವನ್ನು ಹಿಗ್ಗಿಸಬಾರದು. ಗಾಳಿಯ ಪ್ರಕ್ಷುಬ್ಧತೆ ಎಲ್ಲೆಡೆ ಸಮನಾಗಿರುವುದಿಲ್ಲ. ಎಷ್ಟೋ ಸಲ ತೆಳು ಪದರಗಳಲ್ಲಿ ಕೂಡಿಕೊಂಡಿರುತ್ತದೆ. 150 ಮೀಟರಿಗಿಂತ ತೆಳುವಾದ ಒಂದೇ ಪದರವಿದ್ದರೆ ಉದ್ದ ಪಲ್ಸ್ ಆವರಿಸುವ ಮಿಕ್ಕ ಜಾಗ ಬರಿದು, 12 ಡೆಸಿಬೆಲ್ ಲಾಭವೂ ಶೂನ್ಯ. ಅಲ್ಲಿ ನಾರ್ತ್‌ರ ನಿಯಮ ಮತ್ತೆ ಪೂರ್ತಿ ಸಲ್ಲುತ್ತದೆ. ಎತ್ತರದೊಂದಿಗೆ ಪ್ರತಿಧ್ವನಿಯೇ ಕ್ಷೀಣಿಸುವುದರಿಂದ ನಾಲ್ಕು ಪಟ್ಟು ಎಂಬುದು ಆಕಾಶದಲ್ಲಿ ಸಿಗುವ ಅಂಕಿಯೂ ಅಲ್ಲ.

ನಿಜವಾದ ಲಾಭ ಸೊನ್ನೆಗೂ ಹನ್ನೆರಡಕ್ಕೂ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಲೆಕ್ಕವೊಂದೇ ಹೇಳಲಾರದು. ಕೋಡ್ ಇರುವ, ಇಲ್ಲದ ಪಲ್ಸ್‌ಗಳನ್ನು ಒಂದರ ಬೆನ್ನಿಗೊಂದು ಕಳುಹಿಸಿ, ಪ್ರತಿ ಎತ್ತರದಲ್ಲೂ ಎರಡರ ಅನುಪಾತ ತೆಗೆಯಬೇಕು. ಪದರಗಳ ದಪ್ಪದ ಅಂದಾಜೂ ಅದರಿಂದಲೇ ದೊರೆಯುತ್ತದೆ. ಇಂಥ ರೇಡಾರ್‌ಗಳ ದತ್ತಾಂಶ ಕೈಯಲ್ಲಿರುವವರು ಈ ಹೋಲಿಕೆಯನ್ನು ಮಾಡಿನೋಡಬೇಕೆಂದು ಕೋರುತ್ತೇನೆ.